ಹೊಸ 315 ಬೋಲ್ಟ್ ರೈಫಲ್ ನೋಡಿ ಬಂದೆ, ಕೊಡುವ ದುಡ್ಡಿಗೆ ತಕ್ಕದ್ದಾ? ಅನುಭವ ಇದ್ದವರು ಹೇಳಿ

ಶೇಂಗಾ ಹೊಲ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ನಮ್ಮ ಹೊಲ ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ಕಡೆ. ಕಾಲುವೆ ಕೆಳಗೆ ಭತ್ತ, ಗುಡ್ಡದ ಬುಡದ ಮಸಾರಿಯಲ್ಲಿ ಶೇಂಗಾ, ಮೆಕ್ಕೆಜೋಳ. ಅಪ್ಪನ ಕಾಲದ 12 ಬೋರ್ ಡಬಲ್ ಬ್ಯಾರಲ್ ಬಂದೂಕು ಈಗ ನನ್ನ ಹೆಸರಿನಲ್ಲಿದೆ, ಬೆಳೆ ರಕ್ಷಣೆಗೆ ಅಂತ. ಎರಡನೆಯದಾಗಿ ಒಂದು ರೈಫಲ್‌ಗೂ ಲೈಸೆನ್ಸ್ ಆಗಿದೆ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದಮೇಲೆ ಒಬ್ಬರಿಗೆ ಎರಡೇ ಆಯುಧ, ಮೊದಲಿನ ಹಾಗೆ ಮೂರು ಇಲ್ಲ. ಇದನ್ನು ತಪ್ಪಾಗಿ ಆರಿಸಿದರೆ ಇನ್ನೊಂದಕ್ಕೆ ಜಾಗವೇ ಇಲ್ಲ. ಅದಕ್ಕೇ ಇಷ್ಟು ಯೋಚನೆ.

ಕಳೆದ ವಾರ ಅಂಗಡಿಗೆ ಹೋಗಿ ಹೊಸ 315 (0.315 ಇಂಚು ಬೋರಿನ, ಪ್ರತಿ ಗುಂಡಿಗೂ ಬೋಲ್ಟ್ ಕೈಯಿಂದ ಎಳೆದು ತಳ್ಳುವ ರೈಫಲ್) ಕೈಯಲ್ಲಿ ಹಿಡಿದು ನೋಡಿದೆ. ಕಾಲೇಜಿನಲ್ಲಿದ್ದಾಗ ಬಳ್ಳಾರಿಯ ಎನ್‌ಸಿಸಿ ಕ್ಯಾಂಪಿನಲ್ಲಿ 22 ರೈಫಲ್ ಹೊಡೆದಿದ್ದೆ. ಬೋಲ್ಟ್ ಎಳೆದು ತಳ್ಳುವ ಆ ಸದ್ದು ಇಷ್ಟು ವರ್ಷ ಆದರೂ ಕಿವಿಯಲ್ಲಿದೆ. ಇದನ್ನು ಹಿಡಿದ ಕೂಡಲೇ ಅದೇ ನೆನಪಾಯಿತು, ಅಲ್ಲೇ ದುಡ್ಡು ಕೊಟ್ಟುಬಿಡೋಣ ಅನ್ನಿಸಿತು. ಹೇಗೋ ತಡೆದುಕೊಂಡು ಮನೆಗೆ ಬಂದೆ.

ನಾನು ಗಮನಿಸಿದ್ದು ಇಷ್ಟು. ತೂಕ ಚೆನ್ನಾಗಿದೆ, ತೀರಾ ಮೂತಿಭಾರ ಅನ್ನಿಸಲಿಲ್ಲ. ಬೋಲ್ಟ್ ಎತ್ತುವಾಗ ಸುಲಭ, ಆದರೆ ಮುಂದಕ್ಕೆ ತಳ್ಳುವಾಗ ಕೊನೆಯ ಒಂದೆರಡು ಇಂಚು ಬಿಗಿ. ಟ್ರಿಗರ್ ಮೊದಲು ಸ್ವಲ್ಪ ಸಡಿಲ ಬಂದು ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಅದನ್ನು ದಾಟಿಸಲು ಬೆರಳಿಗೆ ಜೋರು ಬೇಕು. ಹಿಡಿ (ಹೆಗಲಿಗೆ ಒರಗುವ ಕಟ್ಟಿಗೆ) ನನ್ನ ತೋಳಿಗೆ ಸ್ವಲ್ಪ ಉದ್ದ, ನಾನು ಗಿಡ್ಡ ಮನುಷ್ಯ. ನಾನು ನೋಡಿದ ಪೀಸಿನ ಮೇಲೆ ಟೆಲಿಸ್ಕೋಪ್ ಕೂರಿಸಲು ತೂತು ಕೊರೆದಿರಲಿಲ್ಲ.

ಅದೇ ಅಂಗಡಿಯಲ್ಲಿ ಇಂಗ್ಲೆಂಡಿನ ಬಿಎಸ್‌ಎ ಕಂಪನಿಯ ಒಂದು ಹಳೆಯ 315 ಕೂಡ ಇತ್ತು, ಯಾರೋ ಮನೆತನದವರು ಮಾರಲು ಇಟ್ಟದ್ದು. ಅದರ ಬೋಲ್ಟ್ ಬೆಣ್ಣೆ ಹಾಗೆ ಜಾರುತ್ತದೆ. ಕಟ್ಟಿಗೆ ಎಷ್ಟು ಚೆಂದ ಅಂದರೆ ಕೆಳಗಿಡಲು ಮನಸ್ಸು ಬರಲಿಲ್ಲ. ಬೆಲೆ ಮಾತ್ರ ಹೊಸದರ ಹತ್ತಿರವೇ ಹೇಳಿದರು.

ಹೊಸದು ತೆಗೆದುಕೊಳ್ಳಲೇ, ಹಳೆಯದಾ, ಅಥವಾ 30-06 ತೋಟಾದ ರೈಫಲ್‌ಗೆ ಹೋಗಲೇ? ನನಗೆ ಎರಡು ಆಸೆ. ಒಂದು, ರಾತ್ರಿ ಶೇಂಗಾ ಬಗೆಯುವ ಹಂದಿಗೆ ಹೆದರಿಕೆ ಇರಬೇಕು. ಇನ್ನೊಂದು, ಗುರಿ ಹೊಡೆಯುವುದನ್ನು ಮತ್ತೆ ಸರಿಯಾಗಿ ಕಲಿಯಬೇಕು.

ಹವಾಲ್ದಾರ್ (ನಿವೃತ್ತ), ಸಿಂಧನೂರು

ತಮ್ಮಾ, ದುಡ್ಡು ಕೊಡದೆ ಬಂದದ್ದು ಒಳ್ಳೆಯದಾಯಿತು. ನಾನು ಸೇನೆಯಲ್ಲಿ ಎಸ್‌ಎಲ್‌ಆರ್, ಇನ್ಸಾಸ್ ರೈಫಲ್ ಹಿಡಿದವನು. ನಿವೃತ್ತಿ ಆದಮೇಲೆ ಬ್ಯಾಂಕಿನ ಹಣದ ಗಾಡಿಗೆ ಕಾವಲಿದ್ದಾಗ 9 ವರ್ಷ 315 ನನ್ನ ಹೆಗಲ ಮೇಲಿತ್ತು. ಅದಕ್ಕೇ ಇದರ ಗುಣ ಸ್ವಲ್ಪ ಗೊತ್ತು.

ಮುಂದಕ್ಕೆ ತಳ್ಳುವಾಗ ಕೊನೆಗೆ ಬಿಗಿ ಅಂದೆಯಲ್ಲ, ಅದು ದೋಷ ಅಲ್ಲ. 315ರ ಬೋಲ್ಟ್ ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ ವಂಶದ್ದು. ಅದರಲ್ಲಿ ಸ್ಟ್ರೈಕರ್ (ತೋಟಾದ ಬುಡಕ್ಕೆ ಬಡಿಯುವ ಮೊಳೆ) ಸ್ಪ್ರಿಂಗ್ ಒತ್ತಿಕೊಳ್ಳುವುದು ಬೋಲ್ಟ್ ಮುಚ್ಚುವಾಗ. ಜರ್ಮನಿಯ ಮೌಸರ್ 98ರ ವಂಶದಲ್ಲಿ ಬೋಲ್ಟ್ ಎತ್ತುವಾಗಲೇ ಸ್ಪ್ರಿಂಗ್ ಏರುತ್ತದೆ, ಅದಕ್ಕೇ ಅಲ್ಲಿ ಎತ್ತುವುದು ಭಾರ, ಮುಚ್ಚುವುದು ಹಗುರ. ಲೀ-ಎನ್‌ಫೀಲ್ಡಿನ ಬೋಲ್ಟ್ ಹಿಡಿಕೆ ಸುಮಾರು 60 ಡಿಗ್ರಿ ಎತ್ತಿದರೆ ಸಾಕು, ಮೌಸರ್‌ಗೆ 90 ಬೇಕು. ಇದರಿಂದಾಗಿಯೇ ಲೀ-ಎನ್‌ಫೀಲ್ಡ್ ಬೇಗ ಬೇಗ ಹೊಡೆಯಲು ಹೆಸರಾಯಿತು. ಬೋಲ್ಟನ್ನು ಹಿಡಿದು ನಿಲ್ಲಿಸುವ ಬೀಗ ಮೌಸರ್‌ನಲ್ಲಿ ಮುಂದೆ, ತೋಟಾದ ಹಿಂದೆಯೇ ಇರುತ್ತದೆ. ಇದರದು ಹಿಂದೆ. ಹಾಗಾಗಿ ಮೌಸರ್ ಹೆಚ್ಚು ಗಟ್ಟಿ, ಆದರೆ 315ರ ತೋಟಾಗೆ ಈ ಬೀಗ ಧಾರಾಳವಾಗಿ ಸಾಕು.

ಈಗ ನೋಡುವುದು ಹೇಗೆ ಅಂತ ಹೇಳುತ್ತೇನೆ. ಮೊದಲು ಖಾಲಿ ಇದೆ ಅಂತ ಕಣ್ಣಿಂದಲೂ ಕಿರುಬೆರಳಿಂದಲೂ ಖಾತ್ರಿ ಮಾಡಿಕೋ, ಅಂಗಡಿಯವರು ಹೇಳಿದರೂ ನಂಬಬೇಡ. ಬೋಲ್ಟಿನ ಮೇಲಿನ ನಂಬರ್ ಮತ್ತು ಬಾಡಿ ಮೇಲಿನ ನಂಬರ್ ಒಂದೇ ಇರಬೇಕು. ಹಳೆಯ ಪೀಸಿನಲ್ಲಿ ಇದು ಬಹಳ ಮುಖ್ಯ. ಬೇರೆ ರೈಫಲ್‌ನ ಬೋಲ್ಟ್ ತಂದು ತುರುಕಿದ್ದರೆ ಬೋಲ್ಟಿನ ಮುಖಕ್ಕೂ ತೋಟಾದ ಬುಡಕ್ಕೂ ಇರುವ ಸಂದು ಹೆಚ್ಚುಕಡಿಮೆ ಆಗಿರುತ್ತದೆ. ಸಂದು ಜಾಸ್ತಿ ಇದ್ದರೆ ತೋಟಾದ ಪಿತ್ತಳೆ ಸೀಳಿ ಬಿಸಿ ಗಾಳಿ ಮುಖಕ್ಕೆ ಬರಬಹುದು. ಅದನ್ನು ಅಳೆಯುವ ಗೇಜ್ ಇದೆ, ಗೋ ಮತ್ತು ನೋ-ಗೋ ಅಂತ. ಗೇಜ್ ಇಟ್ಟುಕೊಂಡ ಆರ್ಮರರ್ (ಬಂದೂಕು ಮಿಸ್ತ್ರಿ) ಹತ್ತಿರ ತೋರಿಸದೆ ಹಳೆಯದನ್ನು ಕೊಳ್ಳಬೇಡ. ಆ ಬೆಣ್ಣೆ ಬೋಲ್ಟ್ ನೂರು ಕೈ ಸವೆಸಿ ಆದದ್ದೂ ಇರಬಹುದು.

ಆಮೇಲೆ ಬೋಲ್ಟ್ ತೆಗೆದು ಬ್ಯಾರಲ್ ಒಳಗೆ ಬೆಳಕು ಬಿಟ್ಟು ನೋಡು. ಗೆರೆಗಳು ಚೂಪಾಗಿ ಸುತ್ತಿಕೊಂಡು ಹೋಗಬೇಕು, ಕಪ್ಪು ಚುಕ್ಕೆ ಇರಬಾರದು. ಮೂತಿಯ ಅಂಚಿನಲ್ಲಿ ಗಾಯ ಇದ್ದರೆ ಗುಂಡು ಅಡ್ಡ ಹೋಗುತ್ತದೆ, ಹೊರಗೆ ಎಷ್ಟು ಪಾಲಿಶ್ ಇದ್ದರೂ ಅಷ್ಟೇ.

ಇನ್ನು ಮ್ಯಾಗಜಿನ್. 315ರ ತೋಟಾಗೆ ಬುಡದಲ್ಲಿ ಅಂಚು ಇದೆ. ಒಂದರ ಮೇಲೊಂದು ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಸಿಕ್ಕಿಕೊಂಡು ಬೋಲ್ಟ್ ಅರ್ಧಕ್ಕೆ ನಿಲ್ಲುತ್ತದೆ. ಬಹಳ ಜನ ಇದನ್ನು ರೈಫಲ್‌ನ ದೋಷ ಅಂದುಕೊಳ್ಳುತ್ತಾರೆ, ತುಂಬಿದ ಕೈಯ ತಪ್ಪು ಅದು. ಡಮ್ಮಿ ತೋಟಾ (ಮದ್ದಿಲ್ಲದ್ದು) ತುಂಬಿ ನಿಧಾನಕ್ಕೆ ಹತ್ತು ಸಲ, ಜೋರಾಗಿ ಹತ್ತು ಸಲ ಎಳೆದು ತಳ್ಳಿ ನೋಡು. ಪ್ರತಿ ಸಲ ರೈಫಲ್ ತೋಟಾವನ್ನು ಎತ್ತಿ ಹೊರಗೆ ಎಸೆಯಬೇಕು.

ಕೊನೆಗೆ ಕಣ್ಣು ಮುಚ್ಚಿ ಹೆಗಲಿಗೆ ಏರಿಸು. ಕಣ್ಣು ತೆರೆದಾಗ ಸೈಟು ಕಣ್ಣ ಮುಂದೆಯೇ ಇದ್ದರೆ ಅದು ನಿನ್ನ ರೈಫಲ್. ಕತ್ತು ಚಾಚಿ ಹುಡುಕಬೇಕಾಗಿ ಬಂದರೆ ಹಿಡಿ ಕತ್ತರಿಸಿ ಸರಿಮಾಡಿಸಬೇಕು. ಉದ್ದ ಇರುವುದನ್ನು ಕಡಿಮೆ ಮಾಡಬಹುದು, ಅದಕ್ಕೆ ಹೆದರಬೇಡ.

ಕೋಟೆ ಬುಡ, ಬಳ್ಳಾರಿ

ಕಾಕಾ ಹೇಳಿದ್ದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಬೇಕು.

ಬೆಲೆಯ ವಿಷಯ ನಾನು ಹೇಳುತ್ತೇನೆ. ನಾವೆಲ್ಲ ಮೊಬೈಲಿನಲ್ಲಿ ಹೊರದೇಶದ ರೈಫಲ್‌ಗಳ ವಿಡಿಯೋ ನೋಡಿ ಬಂದವರು. ಅಲ್ಲಿ ಟಿಕ್ಕಾ ಟಿ3ಎಕ್ಸ್ ಇದೆ, ಫಿನ್ಲೆಂಡಿನದು, 2016ರಲ್ಲಿ ಬಂದದ್ದು. 100 ಗಜದಲ್ಲಿ ಮೂರು ಗುಂಡು ಒಂದು ಇಂಚಿನೊಳಗೆ ಬೀಳುತ್ತವೆ ಅಂತ ಕಂಪನಿಯೇ ಭರವಸೆ ಕೊಡುತ್ತದೆ. ಟ್ರಿಗರ್ ಎಷ್ಟು ಹಗುರ ಬೇಕೋ ಅಷ್ಟಕ್ಕೆ ಒಂದು ಮಿತಿಯೊಳಗೆ ತಿರುಗಿಸಿಕೊಳ್ಳಬಹುದು. ರುಗರ್ ಅಮೆರಿಕನ್ ಅಂತ ಇನ್ನೊಂದು, ಪ್ಲಾಸ್ಟಿಕ್ ಹಿಡಿ, ನೋಡಲು ಏನೂ ಚೆಂದ ಇಲ್ಲ. ಆದರೆ ಹಿಡಿಯ ಒಳಗೆ ಬಾಡಿ ಕೂರುವ ಜಾಗದಲ್ಲಿ ಲೋಹದ ದಿಮ್ಮಿ ಇಟ್ಟಿದ್ದಾರೆ, ಬ್ಯಾರಲ್ ಹಿಡಿಗೆ ಎಲ್ಲೂ ತಾಗುವುದಿಲ್ಲ. ಅಗ್ಗದ ರೈಫಲ್ ಕೂಡ ಗುರಿ ತಪ್ಪದೆ ಹೊಡೆಯುವುದು ಈ ಎರಡು ಕಾರಣಕ್ಕೆ. ಕಟ್ಟಿಗೆಯ ಕೆತ್ತನೆಗೂ ಗುರಿಗೂ ಸಂಬಂಧವೇ ಇಲ್ಲ.

ಇವು ನಮಗೆ ಸಿಗುವುದಿಲ್ಲ. ಹೆಸರು ಮಾಡಿದ ಶೂಟರ್‌ಗಳಿಗೆ, ಕ್ರೀಡಾ ಇಲಾಖೆಯ ದಾರಿಯಲ್ಲಿ ಆಮದಿಗೆ ಅವಕಾಶ ಇದೆ. ನಮ್ಮಂಥ ಸಾಮಾನ್ಯ ಲೈಸೆನ್ಸಿನವರಿಗೆ ಹೊಸ ವಿದೇಶಿ ರೈಫಲ್ ತರಿಸುವ ದಾರಿ ಇಲ್ಲ. ಉಳಿದದ್ದು ನಮ್ಮ ದೇಶದ್ದು, ಅಥವಾ ಹಿಂದೆ ಯಾವಾಗಲೋ ಬಂದು ಕೈಯಿಂದ ಕೈಗೆ ಹೋಗುತ್ತಿರುವ ಹಳೆಯವು. ಹಾಗಾಗಿ ಟಿಕ್ಕಾ ಜೊತೆ 315 ಹೋಲಿಸಿ ಮನಸ್ಸು ಕೆಡಿಸಿಕೊಳ್ಳಬೇಡಿ. ಆದರೆ ಅಲ್ಲಿ ಕಲಿತದ್ದನ್ನು ಇಲ್ಲಿ ಬಳಸಿ. ಒಂದು ಕಾಗದವನ್ನು ಬ್ಯಾರಲ್ ಮತ್ತು ಕಟ್ಟಿಗೆಯ ನಡುವೆ ಜಾರಿಸಿ ನೋಡಿ, ಎಲ್ಲಿ ಒತ್ತುತ್ತಿದೆ ಅಂತ ಗೊತ್ತಾಗುತ್ತದೆ. ಒಂದೇ ಕಡೆ, ಎರಡೂ ಬದಿ ಸಮನಾಗಿ ಒತ್ತಿದರೆ ತೊಂದರೆ ಇಲ್ಲ. ಒಂದು ಬದಿಗೆ ಮಾತ್ರ ಒತ್ತಿದರೆ, ನಮ್ಮ ಬಳ್ಳಾರಿ ಬಿಸಿಲಿಗೆ ಕಟ್ಟಿಗೆ ತಿರುಚಿದ ಹಾಗೆಲ್ಲ ಗುಂಡು ಬೀಳುವ ಜಾಗ ಬದಲಾಗುತ್ತದೆ.

315 ಯಾಕೆ ನಮ್ಮ ದೇಶದಲ್ಲಿ ಇಷ್ಟು ಹರಡಿದೆ ಅಂದರೆ, ಬ್ರಿಟಿಷರು ಸೈನ್ಯದ 303 ತೋಟಾ ಜನರ ಕೈಗೆ ಸಿಗಬಾರದು ಅಂತ ತಡೆದರು. ಆಗ ಆಸ್ಟ್ರಿಯಾದ 8 ಎಂಎಂ ಮ್ಯಾನ್‌ಲಿಕರ್ ತೋಟಾವನ್ನು ಲೀ-ಎನ್‌ಫೀಲ್ಡ್ ಬೋಲ್ಟಿಗೆ ಹೊಂದಿಸಿ ಮಾರಿದರು. 303 ಇವತ್ತಿಗೂ ನಮಗೆ ನಿಷೇಧಿತ ಬೋರ್. 30-06 ಹಾಗಲ್ಲ, ಅದು 1906ರ ಅಮೆರಿಕದ ತೋಟಾ, ಲೈಸೆನ್ಸಿಗೆ ಸಿಗುತ್ತದೆ. ಬುಡದಲ್ಲಿ ಅಂಚು ಹೊರಗೆ ಚಾಚಿಲ್ಲ, ಕಾಕಾ ಹೇಳಿದ ಸಿಕ್ಕು ಅದರಲ್ಲಿ ಬರುವುದಿಲ್ಲ. ಶಕ್ತಿ ಬಹಳ ಜಾಸ್ತಿ, ಹೆಗಲಿಗೆ ಪೆಟ್ಟೂ ಜಾಸ್ತಿ. ನಿಮ್ಮ ಶೇಂಗಾ ಹೊಲಕ್ಕೆ ಅಷ್ಟು ಬೇಕಾ ಯೋಚಿಸಿ. ಕೊಳ್ಳುವ ಮೊದಲು ಎರಡು ಮೂರು ಅಂಗಡಿಗೆ ಫೋನ್ ಮಾಡಿ, ತೋಟಾ ಈಗ ಸ್ಟಾಕ್ ಇದೆಯಾ, ಒಂದಕ್ಕೆ ಎಷ್ಟು ಅಂತ ಕೇಳಿ. ರೈಫಲ್‌ಗೆ ಒಂದೇ ಸಲ ದುಡ್ಡು ಕೊಡುತ್ತೀರಿ, ತೋಟಾಗೆ ಪ್ರತಿ ವರ್ಷ.

ಶೇಂಗಾ ಹೊಲ, ಗಂಗಾವತಿ

ಕಾಕಾ, ಅಣ್ಣಾ, ತುಂಬಾ ಉಪಕಾರ ಆಯಿತು. ಬೋಲ್ಟಿನ ನಂಬರ್ ನೋಡಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹಳೆಯದರ ಆಸೆ ಅರ್ಧ ಇಳಿದಿದೆ. ಹೊಸದರ ಕಡೆಗೇ ಮನಸ್ಸು ವಾಲುತ್ತಿದೆ.

ಗುಡ್ಡದ ಕೆಳಗಿನವನು, ಕೊಪ್ಪಳ

ಅಣ್ಣಾ, ಎಲ್ಲರೂ ರೈಫಲ್ ಬಗ್ಗೆ ಹೇಳಿದರು. ನಾನು ನಿಮ್ಮ ಹೊಲದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಮ್ಮದೂ ಅಂಥದ್ದೇ ಜಾಗ.

ಆನೆಗೊಂದಿ ಕಡೆ ಎಂದರೆ ಎಲ್ಲಿ ನೋಡಿದರೂ ಬಂಡೆ. ರೈಫಲ್ ಗುಂಡು ಮಣ್ಣಿಗೆ ಬಿದ್ದರೆ ಮಣ್ಣು ನುಂಗುತ್ತದೆ. ಕಣಶಿಲೆಗೆ ಓರೆಯಾಗಿ ಬಡಿದರೆ ಚಿಮ್ಮಿ ಎಲ್ಲಿಗೆ ಹೋಗುತ್ತದೆ ಅಂತ ಹೊಡೆದವನಿಗೂ ಗೊತ್ತಾಗುವುದಿಲ್ಲ. ನಿಮ್ಮ 12 ಬೋರಿನ ಸಣ್ಣ ಗುಂಡುಗಳು ಕೆಲವು ನೂರು ಮೀಟರ್‌ನಲ್ಲಿ ಸೋತು ಬೀಳುತ್ತವೆ. 315 ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಬಂಡೆ ಬಿಟ್ಟು ಗದ್ದೆ ಕಡೆ ತಿರುಗಿದರೆ ಅದು ಅಂಗೈ ಹಾಗೆ ಸಪಾಟು, ರಾತ್ರಿ ಕರೆಂಟು ಕೊಟ್ಟ ಹೊತ್ತಿನಲ್ಲಿ ಯಾರೋ ಒಬ್ಬರು ಬ್ಯಾಟರಿ ಹಿಡಿದು ನೀರು ಕಟ್ಟುತ್ತಾ ಇರುತ್ತಾರೆ. ಒಮ್ಮೊಮ್ಮೆ ಬ್ಯಾಟರಿ ಆರಿಸಿ ಬದುವಿನ ಮೇಲೆ ಮಲಗಿರುತ್ತಾರೆ.

ಎರಡು ವರ್ಷದ ಹಿಂದೆ ನನಗೆ ಆದದ್ದು ಹೇಳುತ್ತೇನೆ. ಶೇಂಗಾ ಹೊಲದಲ್ಲಿ ಬಳ್ಳಿ ಕೀಳುವ ಸದ್ದು ಬಂತು. ಮಂಚಿಕೆ ಮೇಲಿಂದ ಬ್ಯಾಟರಿ ಬಿಟ್ಟೆ. ಕಪ್ಪಗೆ, ಬಗ್ಗಿದ ಬೆನ್ನು, ಹಂದಿಯೇ ಅಂದುಕೊಂಡೆ. ಬಂದೂಕು ಹೆಗಲಿಗೆ ಬಂದೂ ಆಗಿತ್ತು. ಅದು ಹೊರಳಿತು ನೋಡಿ, ಬೆನ್ನ ಮೇಲೆ ಮರಿ ಕೂತಿತ್ತು. ಕರಡಿ. ಕೈ ನಡುಗಿ ಬಂದೂಕು ಕೆಳಗಿಟ್ಟೆ, ಬೆಳಗಿನ ತನಕ ಮುಟ್ಟಲಿಲ್ಲ. ನದಿಯ ಆ ಕಡೆ ದರೋಜಿಯಲ್ಲಿ 1994ರಿಂದ ಕರಡಿಧಾಮ ಇದೆ ಅಂತ ಎಲ್ಲರಿಗೂ ಗೊತ್ತು, ಆದರೆ ಈ ಕಡೆಯ ಗುಡ್ಡಗಳಲ್ಲೂ ಕರಡಿ ಇವೆ, ಚಿರತೆ ಇವೆ. ಯಲಬುರ್ಗಾ ಕಡೆ ಎರೆ ಹೊಲದಲ್ಲಿ ಕಡಲೆ ಮೇಯಲು ಕೃಷ್ಣಮೃಗ ಬರುತ್ತವೆ. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಗಳು. ಬೆಳೆ ತಿಂದಿತು ಅನ್ನುವ ಕಾರಣಕ್ಕೆ ಇವುಗಳನ್ನು ಹೊಡೆಯಲು ಯಾರೂ ಅನುಮತಿ ಕೊಡುವ ಹಾಗೇ ಇಲ್ಲ.

ಹಂದಿಯ ವಿಷಯವೂ ಜನ ತಪ್ಪು ತಿಳಿದಿದ್ದಾರೆ. ಲೈಸೆನ್ಸಿನಲ್ಲಿ ಬೆಳೆ ರಕ್ಷಣೆ ಅಂತ ಬರೆದ ಮಾತ್ರಕ್ಕೆ ಹಂದಿ ಕೊಲ್ಲಬಹುದು ಅಂತಲ್ಲ. ಅದಕ್ಕೆ ಅದೇ ಕಾಯ್ದೆಯ 11ನೇ ಕಲಂ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರ ಇರುವವರು ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ಆಯುಧದ ಲೈಸೆನ್ಸ್ ಬೇರೆ, ಪ್ರಾಣಿಯ ಅನುಮತಿ ಬೇರೆ. ಜೀವಕ್ಕೆ ಬಂದಾಗ ಆತ್ಮರಕ್ಷಣೆಗೆ ಹೊಡೆದರೆ ಅದು ಅಪರಾಧ ಅಲ್ಲ ಅಂತ ಕಾಯ್ದೆಯಲ್ಲೇ ಇದೆ, ಆದರೆ ಶೇಂಗಾ ಉಳಿಸಿಕೊಳ್ಳುವುದು ಆತ್ಮರಕ್ಷಣೆ ಆಗುವುದಿಲ್ಲ.

ಹೊಲ ಕಾಯಲು ಅಂತ ಈ ರೈಫಲ್ ತರಬೇಡಿ ಅಣ್ಣಾ. ಬೆಳೆ ಹೋದರೆ ಅರಣ್ಯ ಇಲಾಖೆಯ ಇ-ಪರಿಹಾರ ಜಾಲತಾಣದಲ್ಲಿ ಅರ್ಜಿ ಹಾಕಿ. ಸಿಗುವುದು ಕಡಿಮೆ, ನನಗೂ ಹೊಟ್ಟೆ ಉರಿಯುತ್ತದೆ. ಆದರೂ ಹಾಕಿ.

ಮಸಾರಿ ಮಣ್ಣು

ನಮ್ಮ ದೊಡ್ಡಪ್ಪನ 315 ನಲವತ್ತು ವರ್ಷದಿಂದ ಮನೆಯಲ್ಲಿದೆ. ಒಂದು ಸ್ಪ್ರಿಂಗ್ ಬಿಟ್ಟು ಏನೂ ಬದಲಿಸಿಲ್ಲ. ಬಿಡಿಭಾಗ ಸಿಗುತ್ತವೆ, ಕೆಲಸ ಗೊತ್ತಿರುವ ಮಿಸ್ತ್ರಿಗಳೂ ಇದ್ದಾರೆ. ಕಾವಲು ಕೆಲಸಕ್ಕೆ ಹೋಗುವ ಮಾಜಿ ಸೈನಿಕರಿಗೆ ಇದಕ್ಕಿಂತ ನಂಬಿಕೆಯ ರೈಫಲ್ ಇಲ್ಲ ಅಂತ ನನ್ನ ಅಭಿಪ್ರಾಯ. ಸುಮ್ನೆ ಬೇಡ ಬೇಡ ಅಂತ ಹೇಳಿ ಪ್ರಶ್ನೆ ಕೇಳಿದವರನ್ನು ಹೆದರಿಸಬೇಡಿ.

ಹತ್ತರ ಉಂಗುರ, ರಾಯಚೂರು

ಅಣ್ಣಾ, ನಿಮ್ಮ ಎರಡನೇ ಆಸೆಯನ್ನು ಯಾರೂ ಹಿಡಿದು ಮಾತಾಡಲಿಲ್ಲ. ಗುರಿ ಹೊಡೆಯುವುದನ್ನು ಕಲಿಯಬೇಕು ಅಂದಿರಿ. ನಾನು ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

315ನಲ್ಲಿ ಗುರಿ ಕಲಿಯಲು ಆಗುವುದಿಲ್ಲ ಅಂತಲ್ಲ, ಎಷ್ಟು ಗುಂಡು ಹೊಡೆಯುತ್ತೀರಿ ಅನ್ನುವುದು ಪ್ರಶ್ನೆ. ಲೈಸೆನ್ಸಿನಲ್ಲಿ ಬರೆದಷ್ಟೇ ತೋಟಾ, ಒಂದೊಂದಕ್ಕೂ ದುಡ್ಡು, ಹೆಗಲಿಗೆ ಪೆಟ್ಟು, ಮೇಲಾಗಿ ಅಂಥ ತೋಟಾ ಹೊಡೆಯಲು ಹಿಂದೆ ದೊಡ್ಡ ಮಣ್ಣಿನ ದಿಬ್ಬ ಇರುವ ರೇಂಜ್ ಬೇಕು. ಅದು ನಮ್ಮ ಮೂರು ಜಿಲ್ಲೆಯಲ್ಲಿ ಸಾರ್ವಜನಿಕರಿಗೆ ಎಲ್ಲಿದೆ ಹೇಳಿ? ನಾನೇ ಅಭ್ಯಾಸಕ್ಕೆ ರೈಲು ಹತ್ತಿ ಹೈದರಾಬಾದಿಗೆ ಹೋಗುತ್ತೇನೆ, ಬೆಂಗಳೂರಿಗಿಂತ ಅದೇ ಹತ್ತಿರ. ವರ್ಷಕ್ಕೆ ಇಪ್ಪತ್ತು ಗುಂಡು ಹೊಡೆದು ಯಾರೂ ಕಲಿಯುವುದಿಲ್ಲ. ಹೊಡೆಯುವ ಮೊದಲೇ ಕಣ್ಣು ಮುಚ್ಚುವ, ಹೆಗಲು ಹಿಂದೆಳೆಯುವ ಚಾಳಿ ಮಾತ್ರ ಬೇಗ ಬರುತ್ತದೆ, ಅದನ್ನು ಬಿಡಿಸಲು ವರ್ಷ ಬೇಕು.

2024ರ ಆಗಸ್ಟ್ 1ರಂದು ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಆಟ) ಕಂಚು ಗೆದ್ದರು, 451.4 ಅಂಕ. ಆ ವಿಭಾಗದಲ್ಲಿ ನಮ್ಮ ದೇಶಕ್ಕೆ ಮೊದಲ ಒಲಿಂಪಿಕ್ ಪದಕ. ಕೊಲ್ಹಾಪುರ ಕಡೆಯ ಹುಡುಗ, ಆಗ ರೈಲ್ವೆಯಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದರು. ನಾನು ಅವತ್ತು ಟಿವಿ ಮುಂದೆ ಅತ್ತುಬಿಟ್ಟೆ. ಆ ಆಟದ ರೈಫಲ್ 22 ಬೋರಿನದು. ಅಣ್ಣಾ, ನಿಮ್ಮ ಎನ್‌ಸಿಸಿ ರೈಫಲ್ ಹೊಡೆಯುತ್ತಿದ್ದ ಅದೇ 22 ಲಾಂಗ್ ರೈಫಲ್ ತೋಟಾ. 50 ಮೀಟರ್‌ನಲ್ಲಿ ಗುರಿ ಹಲಗೆಯ ನಡುವಿನ ಹತ್ತರ ಉಂಗುರದ ಅಗಲ 10.4 ಮಿಲಿಮೀಟರ್, ಅಂದರೆ ನಿಮ್ಮ ಕಿರುಬೆರಳ ಉಗುರಿನಷ್ಟು.

22ರಲ್ಲಿ ಏನು ನೋಡಬೇಕು ಅಂದರೆ, ಎಲ್ಲಕ್ಕಿಂತ ಮೊದಲು ಟ್ರಿಗರ್. ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ತೂಕಕ್ಕೆ ಬಿಡಬೇಕು. ಹಗುರ ಇರಲೇಬೇಕು ಅಂತಿಲ್ಲ, ಬದಲಾಗಬಾರದು. ಆಮೇಲೆ ಕೆನ್ನೆ ಒರಗುವ ಜಾಗ. ಕೆನ್ನೆ ಪ್ರತಿ ಸಲ ಅಲ್ಲೇ ಕೂತರೆ ಕಣ್ಣು ಅಲ್ಲೇ ಇರುತ್ತದೆ. ಸಿಜೆಡ್ 457 ಅಂತ ಜೆಕ್ ದೇಶದ ಒಂದು 22 ಇದೆ, ಬೋಲ್ಟ್ 60 ಡಿಗ್ರಿ, ಬ್ಯಾರಲ್ ನಾವೇ ಬಿಚ್ಚಿ ಬೇರೆ ಹಾಕಬಹುದು. ಕ್ಲಬ್ಬಿನಲ್ಲಿ ಒಬ್ಬರದನ್ನು ಹೊಡೆದು ನೋಡಿದೆ. ಟ್ರಿಗರ್ ಗಾಜಿನ ಕಡ್ಡಿ ಮುರಿದ ಹಾಗೆ. ಅದನ್ನು ಕೊಳ್ಳಿ ಅಂತ ಹೇಳುತ್ತಿಲ್ಲ, ಒಳ್ಳೆಯ ಟ್ರಿಗರ್ ಹೇಗಿರುತ್ತದೆ ಅಂತ ಒಮ್ಮೆ ಬೆರಳಿಗೆ ಗೊತ್ತಾದರೆ ಅಂಗಡಿಯಲ್ಲಿ ಯಾರೂ ನಿಮಗೆ ಮೋಸ ಮಾಡಲು ಆಗುವುದಿಲ್ಲ.

ಇನ್ನೊಂದು. ಒಂದೇ ರೈಫಲ್‌ನಲ್ಲಿ ಬೇರೆ ಬೇರೆ ತೋಟಾ ಬೇರೆ ಬೇರೆ ಕಡೆ ಬೀಳುತ್ತವೆ. ಮೊದಲು ಎರಡು ಮೂರು ಬಗೆಯ ಒಂದೊಂದು ಡಬ್ಬಿ ಹೊಡೆದು, ಯಾವುದು ಒತ್ತಾಗಿ ಬೀಳುತ್ತದೋ ಅದನ್ನೇ ಇಟ್ಟುಕೊಳ್ಳಿ. ಈಗಲೇ ಶುರು ಮಾಡಬೇಕು ಅಂದರೆ 20 ಜೂಲ್‌ಗಿಂತ ಕಡಿಮೆ ಶಕ್ತಿಯ 177 ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹತ್ತು ಮೀಟರ್ ಹಿತ್ತಲು ಸಾಕು, ಹಿಂದೆ ಗಟ್ಟಿ ತಡೆ ಇರಲಿ, ಮಕ್ಕಳು ಓಡಾಡುವ ಕಡೆ ಬೇಡ.

ಕೆಂಪು ಧೂಳು, ಸಂಡೂರು

ಯಾವುದನ್ನೇ ಕೊಂಡರೂ ಇದನ್ನು ಓದಿಕೊಳ್ಳಿ. ನಮ್ಮ ಕಡೆ ಅದಿರಿನ ಧೂಳು ಮಸಿ ಹಾಗೆ ಎಲ್ಲದರೊಳಗೂ ಹೋಗುತ್ತದೆ. ಬೋಲ್ಟಿಗೆ ಎಣ್ಣೆ ಸುರಿದರೆ ಧೂಳು ಕೂತು ಅರೆಯುವ ಮಸಾಲೆ ಆಗುತ್ತದೆ. ಒಂದು ಹನಿ ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಕಾರಿನಲ್ಲಿ ತೋಟಾ ಬಿಡಬೇಡಿ. ಕಟ್ಟಿಗೆ ಒಣಗಿ ಹಿಡಿಯ ಸ್ಕ್ರೂ ಸಡಿಲ ಆಗುತ್ತವೆ, ವರ್ಷಕ್ಕೆ ಎರಡು ಸಲ ನೋಡಿ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ.

ಚುನಾವಣೆ ಬಂದಾಗ ಆಯುಧ ಜಮಾ ಮಾಡಲು ಆದೇಶ ಬರಬಹುದು ಅಂತ ಮರೆಯಬೇಡಿ. ಒಮ್ಮೆ ನನ್ನದನ್ನು ಠಾಣೆಯಲ್ಲಿ ಕೊಟ್ಟಿದ್ದೆ. ಎರಡು ತಿಂಗಳ ಮೇಲೆ ವಾಪಸ್ ಬಂದಾಗ ಮೂತಿ ಹತ್ತಿರ ತುಕ್ಕು, ಹಿಡಿಗೆ ಒಂದು ಗುಳಿ. ಬಂದೂಕುಗಳನ್ನು ಕಟ್ಟಿಗೆ ಒಟ್ಟಿದ ಹಾಗೆ ಒಟ್ಟಿದ್ದರಂತೆ. ಮುತ್ತಾತನ ಕಾಲದ ವಸ್ತು, ಬಹಳ ಸಂಕಟ ಆಯಿತು. ಅಂದಿನಿಂದ ಕೊಡುವ ಮೊದಲು ಒಳಗೆ ಹೊರಗೆ ಎಣ್ಣೆ ಬಟ್ಟೆ ಆಡಿಸುತ್ತೇನೆ, ನಾಲ್ಕೂ ಕಡೆ ಫೋಟೋ ತೆಗೆಯುತ್ತೇನೆ, ರಸೀದಿಯಲ್ಲಿ ನಂಬರಿನ ಜೊತೆ ಈಗಿರುವ ಸ್ಥಿತಿ ಬರೆಸುತ್ತೇನೆ. ಲೈಸೆನ್ಸ್ ಇರುವ ಅಂಗಡಿಯಲ್ಲೂ ಜಮಾ ಇಡಬಹುದು, ಬಾಡಿಗೆ ಕೊಟ್ಟರೂ ನನಗೆ ಅದೇ ಸಮಾಧಾನ.

ಶೇಂಗಾ ಹೊಲ, ಗಂಗಾವತಿ

ಹದಿನೈದು ದಿನ ಆದಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಭತ್ತದ ಕೊಯ್ಲು ಇತ್ತು.

ಮತ್ತೆ ಅಂಗಡಿಗೆ ಹೋದೆ. ಕಾಕಾ ಹೇಳಿದ ಹಾಗೆ ಡಮ್ಮಿ ತೋಟಾ ಕೇಳಿದೆ, ಅವರು ಮೊದಲು ಮುಖ ಗಂಟಿಕ್ಕಿದರೂ ಆಮೇಲೆ ಕೊಟ್ಟರು. ಮೊದಲ ಸಲ ನಾನೇ ತಪ್ಪಾಗಿ ತುಂಬಿ ಸಿಕ್ಕಿಸಿದೆ. ಅಂಚು ಮುಂದೆ ಇಟ್ಟು ತುಂಬಿದ ಮೇಲೆ ಹೊಸ ರೈಫಲ್ ಇಪ್ಪತ್ತು ಸಲವೂ ಸರಿಯಾಗಿ ಎತ್ತಿ ಎಸೆಯಿತು. ಕಾಗದ ಜಾರಿಸಿ ನೋಡಿದೆ, ಎರಡೂ ಬದಿ ಸಮ ಇತ್ತು. ಹಳೆಯ ಬಿಎಸ್‌ಎ ಬೋಲ್ಟಿನ ನಂಬರ್ ಮಾತ್ರ ಬಾಡಿ ನಂಬರಿಗೆ ತಾಳೆ ಆಗಲಿಲ್ಲ. ಕೇಳಿದರೆ ಅದೇನೂ ಆಗುವುದಿಲ್ಲ ಅಂದರು. ಅದನ್ನು ಅಲ್ಲೇ ಬಿಟ್ಟೆ. ಹೊಸದರಲ್ಲಿ ನನಗೆ ದೋಷ ಕಾಣಲಿಲ್ಲ, ಮಸಾರಿ ಮಣ್ಣು ಅಣ್ಣ ಹೇಳಿದ್ದು ಸರಿ ಇದೆ.

ಆದರೆ ಅವತ್ತು ರಾತ್ರಿ ಮಂಚಿಕೆ ಮೇಲೆ ಕೂತು ಒಂದು ಕೆಲಸ ಮಾಡಿದೆ. ಕೈಯಲ್ಲಿ ಬರೀ ಬ್ಯಾಟರಿ. ನಾಲ್ಕೂ ದಿಕ್ಕಿಗೆ ಬೆಳಕು ಬಿಟ್ಟು, ಇಲ್ಲಿಂದ ಗುಂಡು ಹೋದರೆ ಎಲ್ಲಿ ನಿಲ್ಲುತ್ತದೆ ಅಂತ ನೋಡಿದೆ. ಉತ್ತರಕ್ಕೆ ಬಂಡೆ. ಪೂರ್ವಕ್ಕೆ ಪಕ್ಕದವರ ಪಂಪ್‌ಸೆಟ್ ಮನೆ, ಅಲ್ಲಿ ಅವರ ಮುದುಕಪ್ಪ ದಿನಾ ಮಲಗುತ್ತಾರೆ. ದಕ್ಷಿಣಕ್ಕೆ ರಸ್ತೆ, ಹನುಮನ ಬೆಟ್ಟಕ್ಕೆ ಹೋಗುವ ಜನ ರಾತ್ರಿಯೆಲ್ಲ ಓಡಾಡುತ್ತಾರೆ. ಪಶ್ಚಿಮಕ್ಕೆ ಮಾತ್ರ ಕಾಲುವೆಯ ಏರಿ ಇದೆ, ಆ ಏರಿಯ ಮೇಲೆ ಒಂದು ಬ್ಯಾಟರಿ ಬೆಳಕು ಓಡಾಡುತ್ತಿತ್ತು. ಯಾರೋ ತೂಬು ನೋಡಲು ಬಂದವರು. ನಾನು ಅಷ್ಟು ಹೊತ್ತಿನಿಂದ ಕೂತಿದ್ದರೂ ಆ ಮನುಷ್ಯ ಅಲ್ಲಿರುವುದು ನನಗೆ ಗೊತ್ತೇ ಇರಲಿಲ್ಲ.

315 ಬೇಡ ಅಂತ ತೀರ್ಮಾನ ಮಾಡಿದೆ. ಹೊಲಕ್ಕೆ ಸೋಲಾರ್ ಬೇಲಿಗೆ ಲೆಕ್ಕ ಹಾಕಿಸಿದ್ದೇನೆ, ಪಕ್ಕದವರೂ ಕೂಡುತ್ತೇವೆ ಅಂದಿದ್ದಾರೆ, ಮೂರು ಹೊಲಕ್ಕೆ ಒಂದೇ ಬೇಲಿ ಸುತ್ತಿದರೆ ಖರ್ಚು ಹಂಚಿಹೋಗುತ್ತದೆ. ಹೋದ ವಾರ ಹಾಳಾದ ಶೇಂಗಾಕ್ಕೆ ಇ-ಪರಿಹಾರದಲ್ಲಿ ಅರ್ಜಿಯನ್ನೂ ಹಾಕಿದೆ. ರೈಫಲ್ ಜಾಗಕ್ಕೆ 22 ತರುತ್ತೇನೆ. ಲೈಸೆನ್ಸಿನಲ್ಲಿ 315 ಅಂತಲೇ ನಮೂದಾಗಿದೆ, ಬೋರ್ ಬದಲಿಸಿಕೊಡಿ ಅಂತ ಕೊಪ್ಪಳದ ಡಿಸಿ ಕಚೇರಿಗೆ ಸೋಮವಾರ ಅರ್ಜಿ ಕೊಟ್ಟು ಬಂದೆ. ಖರೀದಿಗೆ ಕೊಟ್ಟ ಅವಧಿ ಮುಗಿಯುವ ಮೊದಲು ಆದರೆ ಸಾಕು.

ರಾಯಚೂರಿನ ಅಕ್ಕಾ, ಅಲ್ಲಿಯ ತನಕ ಏರ್ ರೈಫಲ್ ನೋಡುತ್ತೇನೆ. ನೀವು ಹೈದರಾಬಾದಿಗೆ ಹೋಗುವಾಗ ಒಂದು ಸಲ ನಾನೂ ಬರಬಹುದಾ? ಆ ಟ್ರಿಗರ್ ಹೇಗಿರುತ್ತದೆ ಅಂತ ಬೆರಳಿಗೆ ತಿಳಿಯಬೇಕು.

ಹತ್ತರ ಉಂಗುರ, ರಾಯಚೂರು

ಬನ್ನಿ ಅಣ್ಣಾ. ಮುಂದಿನ ತಿಂಗಳ ಎರಡನೇ ಭಾನುವಾರ ಹೋಗುತ್ತೇನೆ. ಹೊಸಬರನ್ನು ಕರೆದುಕೊಂಡು ಬರಬಹುದಾ ಅಂತ ಕ್ಲಬ್ಬಿನಲ್ಲಿ ಕೇಳಿ ತಿಳಿಸುತ್ತೇನೆ. ಗುರುತಿನ ಚೀಟಿ ತನ್ನಿ, ಮುಂಭಾಗ ಮುಚ್ಚಿದ ಬೂಟು ಹಾಕಿಕೊಳ್ಳಿ.

ಹವಾಲ್ದಾರ್ (ನಿವೃತ್ತ), ಸಿಂಧನೂರು

ಆ ಹಳೆಯ ಬಿಎಸ್‌ಎ ಇನ್ನೂ ಅಂಗಡಿಯಲ್ಲೇ ಇದೆಯಾ ತಮ್ಮಾ? ಯಾವ ಅಂಗಡಿ ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡು. ಗೇಜ್ ಹಿಡಿಸಿ ನೋಡದೆ ಯಾರೂ ಅದನ್ನು ಕೊಂಡು ಹೊಡೆಯಬಾರದು, ನಾನೇ ಹೋಗಿ ಅವರ ಹತ್ತಿರ ಮಾತಾಡುತ್ತೇನೆ.